ಆ ಹುಡುಗಿಯ ಉತ್ತರವೇ ಸರಿ

ಮಾನ್ಯ ಸಂಪಾದಕರೇ,

ಕನ್ನಡ ಮಾಧ್ಯಮದ ಮಕ್ಕಳಿಗಾಗಿ ಕಳೆದ ಭಾನುವಾರ ನಮ್ಮೂರಿನಲ್ಲಿ ನಡೆದ ರಸಪ್ರಶ್ನೆ ಸ್ಪರ್ಧೆಯಲ್ಲಿ, ‘ಅತಿ ದೊಡ್ಡ ಅವಿಭಾಜ್ಯ ಸಂಖ್ಯೆ ಯಾವುದು?’ ಎಂದು ಕೇಳಿದರು. (1 ಮತ್ತು ತನ್ನಿಂದಲ್ಲದೆ ಬೇರೆ ಯಾವ ಸಂಖ್ಯೆಯಿಂದಲೂ ನಿಶ್ಶೇಷವಾಗಿ ಭಾಗವಾಗದ 2, 3, 5, 7ರಂಥವು ಅವಿಭಾಜ್ಯಗಳು.) ಏಳನೆಯ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತು, ‘ಅಂಥದ್ದೊಂದು ಇಲ್ಲ ಸರ್’ ಎಂದಳು. ತಪ್ಪು ಎಂದು ಅವಳನ್ನು ಕೂರಿಸಿದರು. ಸಭೆಯಲ್ಲಿದ್ದ ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ.

ಅವಳು ಹೇಳಿದ್ದನ್ನು ಗ್ರೀಕ್ ಗಣಿತಜ್ಞ ಯೂಕ್ಲಿಡ್ ಸುಮಾರು 2,300 ವರ್ಷಗಳ ಹಿಂದೆಯೇ ಸಾಧಿಸಿ ತೋರಿಸಿದ್ದಾನೆ. ನಿಮ್ಮಲ್ಲಿರುವ ಅವಿಭಾಜ್ಯಗಳನ್ನೆಲ್ಲ ಗುಣಿಸಿ 1 ಕೂಡಿಸಿ. ಅವುಗಳಲ್ಲಿ ಯಾವುದರಿಂದ ಭಾಗಿಸಿದರೂ 1 ಶೇಷ ಉಳಿಯುತ್ತದೆ. ಆದ್ದರಿಂದ ಅದನ್ನು ನಿಶ್ಶೇಷವಾಗಿ ಭಾಗಿಸುವ ಅವಿಭಾಜ್ಯ ನಿಮ್ಮ ಪಟ್ಟಿಯ ಹೊರಗೇ ಇರಬೇಕು. 2ರಿಂದ 13ರವರೆಗಿನ ಅವಿಭಾಜ್ಯಗಳನ್ನು ಹೀಗೆ ಮಾಡಿದರೆ 30,031 ಬರುತ್ತದೆ. ಅದನ್ನು ಒಡೆದರೆ 59 ಮತ್ತು 509. ಎರಡೂ ಹೊಸಬರು!

ಆಯೋಜಕರ ಕೈಯಲ್ಲಿದ್ದ ‘ಸರಿಯುತ್ತರ’ 2018ರಲ್ಲಿ ಸಿಕ್ಕ, 2,48,62,048 ಅಂಕಿಗಳ ಸಂಖ್ಯೆ. 2024ರ ಅಕ್ಟೋಬರಿನಲ್ಲೇ ಅದನ್ನು ಮೀರಿಸಿದ ಸಂಖ್ಯೆ ದೊರಕಿದೆ. 13,62,79,841 ಎರಡುಗಳನ್ನು ಒಂದಕ್ಕೊಂದು ಗುಣಿಸಿ 1 ಕಳೆದರೆ ಬರುವ ಆ ಸಂಖ್ಯೆಯನ್ನು ಕಂಡುಹಿಡಿದವರು ಅಮೆರಿಕದ ಲ್ಯೂಕ್ ಡ್ಯುರಾಂಟ್. ಅದರಲ್ಲಿ 4,10,24,320 ಅಂಕಿಗಳಿವೆ. ಸೆಕೆಂಡಿಗೆ ಒಂದರಂತೆ, ಊಟ ನಿದ್ದೆ ಬಿಟ್ಟು ಓದಿದರೂ ಸುಮಾರು 475 ದಿನ ಬೇಕು.

ಇಷ್ಟು ದೊಡ್ಡದಾದರೂ ಅದರ ಕೊನೆಯ ಅಂಕಿಯನ್ನು ಏಳನೆಯ ತರಗತಿಯ ಮಗು ಹೇಳಬಲ್ಲದು. 2ರ ಘಾತಗಳ, ಅಂದರೆ ಎರಡುಗಳನ್ನೇ ಗುಣಿಸುತ್ತ ಹೋದಾಗ ಬರುವ ಸಂಖ್ಯೆಗಳ, ಕೊನೆಯಲ್ಲಿ 2, 4, 8, 6 ಸರದಿಯಂತೆ ಬರುತ್ತವೆ. 13,62,79,841ನ್ನು 4ರಿಂದ ಭಾಗಿಸಿದರೆ ಶೇಷ 1. ಇದಕ್ಕೆ ಕೊನೆಯ 41ನ್ನು ನೋಡಿದರೆ ಸಾಕು. ಹಾಗಾಗಿ ಘಾತ 2ರಲ್ಲಿ ಮುಗಿಯುತ್ತದೆ, 1 ಕಳೆದರೆ ಕೊನೆಯ ಅಂಕಿ 1. ಮಕ್ಕಳಿಗೆ ಕೇಳಬೇಕಾದದ್ದು ಇಂಥ ಪ್ರಶ್ನೆ. ಬಾಯಿಪಾಠದಿಂದ ಇದಕ್ಕೆ ಉತ್ತರ ಬರುವುದಿಲ್ಲ, ಯೋಚಿಸಿದರೆ ಎರಡು ನಿಮಿಷದಲ್ಲಿ ಬರುತ್ತದೆ.

ಮಲಯಾಳದಲ್ಲಿ ‘ಅಭಾಜ್ಯ’, ನಮ್ಮಲ್ಲಿ ‘ಅವಿಭಾಜ್ಯ’. ಕಾಸರಗೋಡಿನ ನಮ್ಮ ಮಕ್ಕಳು ಎರಡು ಭಾಷೆಗಳ ನಡುವೆ ಗಣಿತ ಕಲಿಯುತ್ತಾರೆ. ಎಷ್ಟೋ ಸಲ ಪದ ತಲುಪುತ್ತದೆ, ಅರ್ಥ ತಲುಪುವುದಿಲ್ಲ. ಅರ್ಥ ತಲುಪಿದವಳನ್ನೇ ನಾವು ಸುಮ್ಮನಿರಿಸಿದೆವು. ನಾನೂ ಆಗ ಎದ್ದು ಮಾತನಾಡಲಿಲ್ಲ. ಅದಕ್ಕಾಗಿ ಈ ಪತ್ರ.

ಪ್ರಶ್ನೆ ಬರೆಯುವವರು ‘ಇದುವರೆಗೆ ಗೊತ್ತಿರುವ’ ಎಂಬ ಎರಡು ಪದಗಳನ್ನು ದಯವಿಟ್ಟು ಸೇರಿಸಲಿ. ಆ ಹುಡುಗಿಗೆ ಸಲ್ಲಬೇಕಾದ ಅಂಕವನ್ನೂ ಕೊಡಲಿ. ಬಹುಮಾನ ವಿತರಣೆ ಬರುವ ತಿಂಗಳು, ಇನ್ನೂ ಸಮಯವಿದೆ.

— ನಿವೃತ್ತ ಗಣಿತ ಅಧ್ಯಾಪಕ, ಬದಿಯಡ್ಕ, ಕಾಸರಗೋಡು ಜಿಲ್ಲೆ