ಮೂರು ತಿಂಗಳೂ 2.1: ಐಡಿ ಫ್ಯಾನಿನ ವೈಬ್ರೇಶನ್ ರಿಪೋರ್ಟ್ ಬಗ್ಗೆ ದೂರು

ಗೆ,
ಸರ್ವೀಸ್ ಮ್ಯಾನೇಜರ್ ಅವರಿಗೆ

ಮಾನ್ಯರೇ,

ಜನವರಿ 18ರ ರಾತ್ರಿ ಎರಡು ಗಂಟೆಗೆ ನಮ್ಮ ಸಕ್ಕರೆ ಕಾರ್ಖಾನೆಯ ಬಾಯ್ಲರಿನ ಹೊಗೆ ಎಳೆದು ಹೊರಹಾಕುವ ಐಡಿ ಫ್ಯಾನ್ ನಿಂತಿತು. ಅದರ 22220 ನಂಬರಿನ ಬೇರಿಂಗ್ ಬಿಚ್ಚಿದರೆ ಹೊರ ರಿಂಗಿನಲ್ಲಿ ಹೆಬ್ಬೆರಳಗಲ ಚಕ್ಕೆ ಎದ್ದಿತ್ತು. ಗ್ರೀಸ್ ಕಪ್ಪಗಾಗಿ, ಬೆರಳಲ್ಲಿ ಉಜ್ಜಿದರೆ ಮರಳಿನ ಹಾಗೆ ಚುಚ್ಚುತ್ತಿತ್ತು. ಇದು ಒಂದು ದಿನದಲ್ಲಿ ಆಗುವ ಸವೆತ ಅಲ್ಲ. ಇಂಥದ್ದು ಮೊದಲೇ ತಿಳಿಯಲಿ ಅಂತಲೇ ಅಲ್ವಾ ಯಂತ್ರಗಳ ವೈಬ್ರೇಶನ್ (ಕಂಪನ) ಅಳೆಯಲು ನಿಮಗೆ ವರ್ಷದ ಕಾಂಟ್ರ್ಯಾಕ್ಟ್ ಕೊಟ್ಟಿದ್ದು?

ನಿಮ್ಮ ರಿಪೋರ್ಟುಗಳನ್ನು ಪಕ್ಕಪಕ್ಕ ಇಟ್ಟು ನೋಡಿದೆ. ಅಕ್ಟೋಬರ್, ನವೆಂಬರ್, ಡಿಸೆಂಬರ್, ಮೂರರಲ್ಲೂ ಆ ಬೇರಿಂಗಿನ ಕಂಪನದ ವೇಗ (ವೆಲಾಸಿಟಿ) ಸೆಕೆಂಡಿಗೆ 2.1 ಮಿ.ಮೀ. ನಮ್ಮಂಥ ಗಟ್ಟಿ ಅಡಿಪಾಯದ 110 ಕಿಲೋವ್ಯಾಟ್ ಫ್ಯಾನಿಗೆ ಕಂಪನದ ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ 10816 (ಈಗ 20816) ಪ್ರಕಾರ 2.8ರವರೆಗೆ ಚಿಂತೆಯಿಲ್ಲ, ಆದ್ದರಿಂದ ರಿಪೋರ್ಟಿನಲ್ಲಿ ಹಸಿರು ಬಣ್ಣ. ಓಡುವ ಯಂತ್ರ ಮೂರು ತಿಂಗಳು ಒಂದೇ ಅಂಕಿ ತೋರಿಸುತ್ತದಾ? ಸಾಲದ್ದಕ್ಕೆ ಸ್ಪೀಡ್ 2,960 ಆರ್‌ಪಿಎಂ ಅಂತ ಬರೆದಿದ್ದೀರಿ. ನಮ್ಮ ಫ್ಯಾನ್ ಓಡುವುದು 1,480ಕ್ಕೆ. ಬೇರೆ ಯಾರದೋ ಪಂಪಿನ ಶೀಟಲ್ಲಿ ಹೆಸರು ಬದಲಿಸಿದ ಹಾಗಿದೆ.

ಇನ್ನೊಂದು ಮಾತು. ಬೇರಿಂಗ್ ಹಾಳಾಗಲು ಶುರುವಾದಾಗ ವೆಲಾಸಿಟಿ ಅಂಕಿ ಅಷ್ಟಾಗಿ ಏರುವುದಿಲ್ಲ. ಆ ಸವೆತ ಮೊದಲು ಕಾಣುವುದು ಬೇರಿಂಗಿನ ಸಣ್ಣ ಬಡಿತಗಳನ್ನು ಬೇರ್ಪಡಿಸಿ ತೋರಿಸುವ ಎನ್ವಲಪ್ ಗ್ರಾಫಿನಲ್ಲಿ. ಕೊಟೇಶನ್‌ನಲ್ಲಿ ಆ ಗ್ರಾಫ್ ಕೊಡುವುದಾಗಿ ಬರೆದಿದ್ದೀರಿ, ರಿಪೋರ್ಟಿನಲ್ಲಿ ಆ ಪುಟ ಖಾಲಿ. ಡಿಸೆಂಬರಲ್ಲಿ ನಿಮ್ಮ ಕಡೆಯಿಂದ ಬಂದ ಹುಡುಗ ಸೆನ್ಸರ್ ಮ್ಯಾಗ್ನೆಟ್ ಅಂಟಿಸಿದ್ದು ಬೇರಿಂಗಿನ ಮೇಲಲ್ಲ, ಕಪ್ಲಿಂಗ್ ಮುಚ್ಚುವ ಗಾರ್ಡ್ ತಗಡಿಗೆ. ಬೇರಿಂಗ್ ಕೂರುವ ಪ್ಲಮ್ಮರ್ ಬ್ಲಾಕ್ ಮೇಲೆ ಬೂದಿ, ಗ್ರೀಸ್ ಇತ್ತಂತೆ. ಒರೆಸಲು ಬಟ್ಟೆ ಕೇಳಿದ್ದರೆ ಕೊಡುತ್ತಿರಲಿಲ್ವಾ?

ಜನವರಿ ಮೊದಲ ವಾರವೇ ನಮ್ಮ ಹಿರಿಯ ಫಿಟ್ಟರ್ ಸ್ಕ್ರೂಡ್ರೈವರ್ ಹಿಡಿ ಕಿವಿಗೆ ಒತ್ತಿ, "ಸಾಹೇಬ್ರ, ಬೇರಿಂಗ್ ಗೊರಗೊರ ಅನ್ನಾಕತ್ತೈತ್ರಿ" ಅಂದಿದ್ದರು. ನಾನು ನಿಮ್ಮ ಹಸಿರು ಬಣ್ಣ ನಂಬಿದೆ. ಅದು ನನ್ನ ತಪ್ಪು.

ಫ್ಯಾನ್ ನಿಂತರೆ ಬಾಯ್ಲರ್ ಇಲ್ಲ, ಉಗಿ ಇಲ್ಲ, ಗಾಣ ಇಲ್ಲ. ಹದಿನಾಲ್ಕು ತಾಸು ಯಾರ್ಡಿನಲ್ಲಿ ಕಬ್ಬಿನ ಟ್ರ್ಯಾಕ್ಟರ್‌ಗಳು ಸಾಲುಗಟ್ಟಿದ್ದವು. ಕಡಿದ ಕಬ್ಬು ಒಣಗಿದಷ್ಟೂ ತೂಕ ಇಳಿಯುತ್ತದೆ. ರೈತರಿಗೆ ಉತ್ತರ ಹೇಳಿದವನು ನಾನು.

ಮೂರೂ ತಿಂಗಳ ಮೂಲ ಡೇಟಾ ಫೈಲ್‌ಗಳನ್ನು ಏಳು ದಿನದಲ್ಲಿ ಕಳಿಸಿ. ಇಲ್ಲದಿದ್ದರೆ ರೀಡಿಂಗ್ ತೆಗೆದೇ ಇಲ್ಲ ಅಂದುಕೊಂಡು ಆ ತಿಂಗಳ ಹಣ ವಾಪಸ್ ಕೇಳುತ್ತೇವೆ. ಉಳಿದ ಫ್ಯಾನ್, ಪಂಪುಗಳನ್ನು ಈ ವಾರವೇ ಮತ್ತೆ ಅಳೆಯಬೇಕು. ಆಗ ನಮ್ಮ ಫಿಟ್ಟರ್ ಪಕ್ಕದಲ್ಲೇ ನಿಂತಿರುತ್ತಾರೆ, ಒರೆಸುವ ಬಟ್ಟೆ ಸಮೇತ.

ಇಂತಿ,
ಮೇಂಟೆನೆನ್ಸ್ ಇನ್‌ಚಾರ್ಜ್, ಬಾಯ್ಲರ್ ವಿಭಾಗ
ಬಾಗಲಕೋಟೆ ಜಿಲ್ಲೆ