ದೇವನಹಳ್ಳಿ ದಾರಿಯ ಟೈಮು ಯಾರ ಲೆಕ್ಕಕ್ಕೆ?

ಸಂಪಾದಕರಿಗೆ ನಮಸ್ಕಾರ,

ಮೈಸೂರಿನ ಮಂಡಕಳ್ಳಿ ಏರ್‌ಪೋರ್ಟ್ ಸುದ್ದಿ ಬಂದಾಗೆಲ್ಲ ನಮ್ಮ ಕಡೆ ಒಂದೇ ಮಾತು, ಬೆಂಗಳೂರಿಂದ ಹೈದರಾಬಾದ್‌ಗೆ ಒಂದೂಕಾಲು ಗಂಟೆ, ಮೈಸೂರಿಂದ ಎರಡು ಗಂಟೆ ಹತ್ತತ್ರ, ಆ ಫ್ಯಾನ್ ಇರೋ ವಿಮಾನ ಯಾರು ಹತ್ತುತಾರೆ ಅಂತ. ಪೇಪರ್‌ನೋರೂ ಇಷ್ಟು ಕಿಲೋಮೀಟರು, ಇಷ್ಟು ಗಂಟೆ ಅಂತ ಹಾಕಿ ಕೈ ತೊಳ್ಕೊತೀರಿ.

ದೇವನಹಳ್ಳಿಯ ಬೆಂಗಳೂರು ಏರ್‌ಪೋರ್ಟಿಂದ ಶಂಷಾಬಾದ್‌ನ ಹೈದರಾಬಾದ್ ಏರ್‌ಪೋರ್ಟ್‌ಗೆ ನೇರ ಗೆರೆ ಎಳೆದ್ರೆ 450 ಚಿಲ್ಲರೆ ಕಿ.ಮೀ., ಮಂಡಕಳ್ಳಿಯಿಂದಾದ್ರೆ 590ರ ಹತ್ರ, ಜಾಸ್ತಿ ಹೊತ್ತು ಹಿಡಿಯೋದು ಸಹಜ. ಅದರ ಮೇಲೆ ನಮ್ಮ ರನ್‌ವೇ 1,740 ಮೀಟರಷ್ಟೇ, ಅದನ್ನ ನಂಬ್ಕೊಂಡು ದೊಡ್ಡ ಜೆಟ್ಟು ಫುಲ್ ಲೋಡಲ್ಲಿ ಓಡಿಸೋಕೆ ಆಗಲ್ಲ, ಉದ್ದ ಮಾಡೋಣ ಅಂದ್ರೆ ನಂಜನಗೂಡು ಹೈವೇ ಅಡ್ಡ. ಹಂಗಾಗಿ ಬರೋದು 70 ಚಿಲ್ಲರೆ ಸೀಟಿನ ಎಟಿಆರ್ ಅನ್ನೋ ಆ ಫ್ಯಾನ್ ವಿಮಾನ, ಗಂಟೆಗೆ 500 ಕಿ.ಮೀ. ಸ್ಪೀಡು, ಜೆಟ್ಟು 800 ದಾಟುತ್ತೆ. ಇನ್ನೊಂದು, ಟಿಕೆಟ್‌ನಲ್ಲಿರೋ ಟೈಮು ಹಾರೋ ಟೈಮಲ್ಲ ಸ್ವಾಮಿ, ವಿಮಾನ ನಿಂತ ಜಾಗ ಬಿಟ್ಟಾಗಿಂದ ಅಲ್ಲೋಗಿ ನಿಲ್ಲೋವರೆಗೂ ಲೆಕ್ಕ. ಬೆಂಗಳೂರು ಹೈದರಾಬಾದ್ ಮಧ್ಯೆ ಗಾಳಿಲಿ ಇರೋದು ಮುಕ್ಕಾಲು ಗಂಟೆ, ಒಂಚೂರು ಹೆಚ್ಚು ಅಷ್ಟೇ, ಮಿಕ್ಕಿದ್ದೆಲ್ಲ ನೆಲದ ಮೇಲೆ ಉರುಳಾಟ, ಕ್ಯೂ.

ಆದ್ರೆ ಮೈಸೂರು ಮಂಡ್ಯದೋರಿಗೆ ಅಸಲಿ ದೂರ ಇದಲ್ಲ. ಮೈಸೂರಿಂದ ದೇವನಹಳ್ಳಿಗೆ ರೋಡಲ್ಲಿ 185 ಕಿ.ಮೀ. ಹತ್ರ. 2023ರ ಮಾರ್ಚ್‌ನಲ್ಲಿ ಎಕ್ಸ್‌ಪ್ರೆಸ್‌ವೇ ಉದ್ಘಾಟನೆ ಆದ್ಮೇಲೆ ಕೆಂಗೇರಿವರೆಗೂ ಸಲೀಸು, ಆಮೇಲೆ ಊರು ದಾಟಿ ಹೆಬ್ಬಾಳ ಮುಟ್ಟೋದಿದ್ಯಲ್ಲ, ಅದು ಆ ದಿನದ ಅದೃಷ್ಟ. ಬೆಳಗ್ಗೆ ಏಳರ ಫ್ಲೈಟು ಅಂದ್ರೆ ನಡುರಾತ್ರಿ ಒಂದಕ್ಕೆಲ್ಲ ಮೈಸೂರು ಬಿಡಬೇಕು, ಮಕ್ಕಳು ಏರ್‌ಪೋರ್ಟ್‌ಗೆ ಹೋಗೋ ಫ್ಲೈಬಸ್ಸಲ್ಲಿ ಅಮ್ಮನ ಮೇಲೆ ಒರಗಿ ನಿದ್ದೆ, ದೊಡ್ಡೋರು ವಾಚು ನೋಡ್ಕೊಂಡು ಎಚ್ಚರ. ರೋಡಲ್ಲೇ ಕಳೆಯೋ ಈ ನಾಲ್ಕು ಗಂಟೆ ಯಾವ ವೆಬ್‌ಸೈಟಿನ ಫ್ಲೈಟ್ ಟೈಮಲ್ಲೂ ಬರಲ್ಲ. ಅದೇ ಮಂಡಕಳ್ಳಿಗೆ ಮಂಡ್ಯದೋರೂ ರಿಂಗ್ ರೋಡ್ ಹಿಡಿದ್ರೆ ಊರೊಳಗೆ ಹೋಗೋದೇ ಬೇಡ, 50 ಚಿಲ್ಲರೆ ಕಿ.ಮೀ., ಟರ್ಮಿನಲ್ ಚಿಕ್ಕದು, ಚೆಕಿಂಗ್ ಮುಗಿಸಿ ನಾಲ್ಕು ಹೆಜ್ಜೆ ನಡ್ಕೊಂಡೇ ವಿಮಾನದ ಮೆಟ್ಟಿಲು ಹತ್ತೋದು.

ಎಲ್ಲಾ ಊರಿಗೂ ಹಿಂಗೇ ಅನ್ನಲ್ಲ. ದೆಹಲಿಗೆ ಹೋಗೋರು ಹೈದರಾಬಾದಲ್ಲಿ ಇಳಿದು ಇನ್ನೊಂದು ಫ್ಲೈಟಿಗೆ ಕಾಯೋದಾದ್ರೆ ದೇವನಹಳ್ಳಿನೇ ವಾಸಿ, ಅಲ್ಲಿಂದ ನೇರ ಎರಡು ಮುಕ್ಕಾಲು ಗಂಟೆ. ಮಂಡಕಳ್ಳಿಯಿಂದ ಇರೋ ಫ್ಲೈಟುಗಳೂ ಬೆರಳೆಣಿಕೆ, ಹೊತ್ತು ಹೊಂದಲಿಲ್ಲ ಅಂದ್ರೆ ಯಾರೇನು ಮಾಡೋಕಾಗುತ್ತೆ.

ಅದಕ್ಕೇ ಕೇಳೋದು, ನಮ್ಮ ಜಿಲ್ಲೆ ಪುಟದಲ್ಲಿ ಒಂದು ಚಿಕ್ಕ ಬಾಕ್ಸ್ ಹಾಕಿ, ಮಂಡಕಳ್ಳಿ ಫ್ಲೈಟು ಎಷ್ಟೊತ್ತಿಗೆ ಹೊರಟು ಎಷ್ಟೊತ್ತಿಗೆ ಇಳಿಯುತ್ತೆ, ಅದೇ ಊರಿಗೆ ದೇವನಹಳ್ಳಿಯಿಂದ ಹೋಗೋದಾದ್ರೆ ಮೈಸೂರಲ್ಲಿ ಎಷ್ಟೊತ್ತಿನ ಬಸ್ಸು ಹತ್ತಬೇಕು, ಎರಡೂ ಅಕ್ಕಪಕ್ಕ ಇರಲಿ. ದಿನಾ ಬೇಡ, ವಿಮಾನದೋರ ಶೆಡ್ಯೂಲ್ ಮಾರ್ಚ್ ಮತ್ತು ಅಕ್ಟೋಬರ್ ಕೊನೇ ಭಾನುವಾರ ಬದಲಾಗುತ್ತೆ, ಆವಾಗೊಂದು ಸಲ ಹಾಕಿದ್ರೂ ಕತ್ತರಿಸಿ ಇಟ್ಕೊತೀವಿ.

ಒಬ್ಬ ಓದುಗ, ಮಂಡ್ಯ