ರಾತ್ರಿಯ ಕಣ್ಣಿಗೆ ಕಾರಿನೊಳಗಿನ ಬೆಳಕು

ಗೋಣಿಕೊಪ್ಪಲು

ಚಿರಂಜೀವಿ ಸುಬ್ಬಯ್ಯನಿಗೆ ಚಿಕ್ಕಪ್ಪನ ಆಶೀರ್ವಾದಗಳು.

ಹೊಸ ಕಾರಿನ ಡ್ಯಾಶ್‌ಬೋರ್ಡಿನ ಉದ್ದಕ್ಕೂ ನೀಲಿ ಎಲ್‌ಇಡಿ ಪಟ್ಟಿ ಅಂಟಿಸಿ, ಒಳಗಿನ ದೀಪಕ್ಕೂ ಪ್ರಖರವಾದ ಬಿಳಿ ಬಲ್ಬು ಹಾಕಿಸಬೇಕೆಂದಿದ್ದೀಯೆಂದು ಅತ್ತಿಗೆ ತಿಳಿಸಿದರು. ಮೈಸೂರಿನ ಬೀದಿದೀಪಗಳ ಕೆಳಗೆ ಅದು ಬರಿಯ ಅಲಂಕಾರವಾಗಿರಬಹುದು. ಆದರೆ ನೀನು ವಾರವಾರ ಊರಿಗೆ ಬರುವುದು ಆನೆಚೌಕೂರು, ತಿತಿಮತಿಯ ಆನೆ ಓಡಾಡುವ ಕಾಡುದಾರಿಯಲ್ಲಿ, ಅದೂ ಕತ್ತಲಾಗುವ ಹೊತ್ತಿಗೆ.

ನಮ್ಮ ಕಣ್ಣಿನ ಹಿಂಬದಿಯ ಅಕ್ಷಿಪಟಲದಲ್ಲಿ (ರೆಟಿನಾ) ಮಂದ ಬೆಳಕಿಗೆಂದೇ ಇರುವ ದಂಡಕೋಶಗಳಲ್ಲಿ ರೊಡಾಪ್ಸಿನ್ ಎಂಬ ವರ್ಣದ್ರವ್ಯವಿದ್ದು, ಪ್ರಖರ ಬೆಳಕು ಬಿದ್ದರೆ ಅದು ಕ್ಷಣದಲ್ಲಿ ಒಡೆಯುತ್ತದೆ, ಮತ್ತೆ ಪೂರ್ತಿಯಾಗಿ ಕೂಡಿಕೊಳ್ಳಲು ಅರ್ಧ ಗಂಟೆಯಷ್ಟು ಬೇಕಾಗುತ್ತದೆ, ಅಲ್ಲಿಯವರೆಗೆ ಕತ್ತಲಲ್ಲಿ ಕಣ್ಣು ಮಂಕಾಗಿರುತ್ತದೆ. ಈ ಕೋಶಗಳಿಗೆ ಅತಿ ಹೆಚ್ಚು ತಾಗುವುದು 500 ನ್ಯಾನೊಮೀಟರ್ ಆಸುಪಾಸಿನ ತರಂಗಾಂತರದ ನೀಲಿ-ಹಸಿರು ಬೆಳಕು. ಗಾಢ ಕೆಂಪು ಅವುಗಳಿಗೆ ಹೆಚ್ಚುಕಡಿಮೆ ಕಾಣುವುದೇ ಇಲ್ಲ. ಹೆಡ್‌ಲೈಟ್ ಉರಿಯುತ್ತಿರುವಾಗ ಕಣ್ಣು ಪೂರ್ಣ ಕತ್ತಲೆಗೆ ಹೊಂದಿಕೊಳ್ಳುವುದಿಲ್ಲವೆಂದು ನೀನು ವಾದಿಸಬಹುದು, ಅದು ನಿಜವೂ ಹೌದು. ಆದರೆ ಆನೆ ನಿಲ್ಲುವುದು ಹೆಡ್‌ಲೈಟಿನ ಬೆಳಕು ತೆಳುವಾಗುವ ರಸ್ತೆಯ ಅಂಚಿನಲ್ಲಿ. ಅದರ ಬೂದು ಮೈ ಬೆಳಕನ್ನು ಹಿಂದಿರುಗಿಸುವುದೂ ಕಡಿಮೆ. ಡ್ಯಾಶ್‌ಬೋರ್ಡಿನ ಪಟ್ಟಿ ಮುಂದಿನ ಗಾಜಿನಲ್ಲಿ ನೀಲಿ ಗೆರೆಯಾಗಿ ಪ್ರತಿಫಲಿಸಿದರೆ, ಆ ಮಸುಕು ಆಕಾರ ಅದರ ಹಿಂದೆ ಮುಚ್ಚಿಹೋಗುತ್ತದೆ. ನನ್ನ ಮಟ್ಟಿಗೆ ಬಣ್ಣಕ್ಕಿಂತ ಈ ಪ್ರತಿಫಲನವೇ ದೊಡ್ಡ ಕೇಡು.

ಆದ್ದರಿಂದ ಖರ್ಚಿಲ್ಲದ ಕೆಲಸವನ್ನು ಮೊದಲು ಮಾಡು. ಮೀಟರಿನ ಬೆಳಕು ತಗ್ಗಿಸುವ ಗುಂಡಿಯನ್ನು ಸಂಖ್ಯೆಗಳು ಓದಲು ಬರುವಷ್ಟಕ್ಕೆ ಇಳಿಸು, ನಡುವಿನ ಪರದೆಯನ್ನು ನೈಟ್ ಮೋಡಿಗೆ ಹಾಕು, ಗಾಜಿನ ಒಳಮೈಯನ್ನು ಒಣಬಟ್ಟೆಯಿಂದ ಚೆನ್ನಾಗಿ ಒರೆಸು. ಮಳೆಗಾಲದಲ್ಲಿ ಅಲ್ಲಿ ಕೂರುವ ಜಿಡ್ಡಿನ ಪದರ ಎದುರು ವಾಹನದ ಬೆಳಕನ್ನು ಗಾಜಿನ ತುಂಬ ಹರಡಿಬಿಡುತ್ತದೆ. ಒಳದೀಪವನ್ನು ಬದಲಿಸಲೇಬೇಕೆಂದಿದ್ದರೆ, ಎರಡು ಹಿತ್ತಾಳೆ ಪಟ್ಟಿಗಳ ನಡುವೆ ಸಿಕ್ಕಿಸಿರುವ ಆ ಉದ್ದನೆಯ ಬಲ್ಬಿನ ಜಾಗಕ್ಕೆ ಮಂದವಾದ ಕೆಂಪು ಅಥವಾ ಹಳದಿಯದನ್ನು ಹಾಕಿಸು. ಕೆಂಪು ಎಂದಮಾತ್ರಕ್ಕೆ ಪ್ರಖರವಾಗಿರಬಹುದೆಂದಲ್ಲ, ಅದೂ ಮಂದವಾಗಿಯೇ ಇರಬೇಕು. ಕೆಂಪು ಬೆಳಕಿನಲ್ಲಿ ನಕ್ಷೆಯ ಕೆಂಪು ಗೆರೆಗಳು ಮಾಯವಾಗುತ್ತವೆ, ನನ್ನ ವಯಸ್ಸಿನವರಿಗಂತೂ ಸಣ್ಣ ಅಕ್ಷರ ಓದಲಾಗುವುದಿಲ್ಲ. ಓದುವ ದೀಪವೊಂದು ಬಿಳಿಯಾಗಿಯೇ ಇರಲಿ, ಬೇಕಾದಾಗ ಗಾಡಿ ನಿಲ್ಲಿಸಿ ಹಾಕಿಕೊಂಡರಾಯಿತು.

ಮೀಟರಿನ ಮೇಲೆ ಬಣ್ಣದ ಹಾಳೆ ಅಂಟಿಸಬೇಡ, ಆಯಿಲ್ ಮತ್ತು ಬ್ರೇಕಿನ ಎಚ್ಚರಿಕೆ ದೀಪಗಳು ಕಾಣದಂತಾಗುತ್ತವೆ. ವೈರಿಂಗ್ ಮಾಡುವವನು ಏರ್‌ಬ್ಯಾಗಿನ ತಂತಿಯ ಹತ್ತಿರ ಕೈಹಾಕದಂತೆ ನೋಡಿಕೋ, ಹೊಸ ದೀಪಕ್ಕೆ ಬೇರೆಯೇ ಫ್ಯೂಸ್ ಹಾಕಿಸು. ಕೆಂಪು ಬೆಳಕು ವಾಹನದ ಮುಂದಕ್ಕೆ ಹೊರಸೂಸುವುದನ್ನು ಮೋಟಾರು ವಾಹನ ನಿಯಮಗಳು ನಿಷೇಧಿಸುತ್ತವೆ, ಹಾಗಾಗಿ ಅದು ಗಾಜಿನಿಂದಾಚೆ ಕಾಣದಿರಲಿ.

ಕೈಲ್ ಮುಹೂರ್ತದ ಹಬ್ಬಕ್ಕೆ ಬಂದಾಗ ಕಾರನ್ನು ಕಾಫಿ ಕಣದಲ್ಲಿ ನಿಲ್ಲಿಸಿ, ಹೆಡ್‌ಲೈಟ್ ಆರಿಸಿ, ಕಾಲು ಗಂಟೆ ಒಳಗೆ ಕುಳಿತರೆ ಗಾಜಿನಲ್ಲಿ ಏನೇನು ಹೊಳೆಯುತ್ತದೆಯೆಂದು ತಾನಾಗಿ ತಿಳಿಯುತ್ತದೆ. ಅದನ್ನು ನೋಡಿದ ಮೇಲೆ ನೀಲಿ ಪಟ್ಟಿಯ ಮಾತಾಡೋಣ. ಅಲ್ಲಿಯವರೆಗೆ ದುಡ್ಡು ಕೊಡಬೇಡ.

ಇತಿ,
ನಿನ್ನ ಚಿಕ್ಕಪ್ಪ